ಅತ್ತೆಯವರ ನೆಲನೆಲ್ಲಿ, ಪ್ರಯೋಗಾಲಯದ ನೆಲನೆಲ್ಲಿ

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಅತ್ತೆಯವರು ನಲವತ್ತು ವರ್ಷಗಳಿಂದ ಕಾಮಾಲೆಗೆ ಮದ್ದು ಕೊಡುತ್ತಿದ್ದಾರೆ. ನೆಲನೆಲ್ಲಿಯನ್ನು ಬೇರುಸಹಿತ ಕಿತ್ತು ತೊಳೆದು, ನುಣ್ಣಗೆ ಅರೆದು, ಹಸುವಿನ ಹಾಲಿನಲ್ಲಿ ಕದಡಿ ಮೂರು ಬೆಳಗ್ಗೆ ಬರಿಹೊಟ್ಟೆಗೆ ಕುಡಿಸುತ್ತಾರೆ. ಯಾರಿಂದಲೂ ಹಣ ಮುಟ್ಟುವುದಿಲ್ಲ. ನೂರಾರು ಜನರಿಗೆ ಗುಣವಾಗಿದೆ. ಮಗಳು ಈಗ ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ, ಅಜ್ಜಿಯ ಮದ್ದನ್ನು ವೈಜ್ಞಾನಿಕವಾಗಿ ಸಾಬೀತು ಮಾಡುವ ಪ್ರಾಜೆಕ್ಟ್ ಮಾಡಬೇಕೆಂದು ಅವಳ ಆಸೆ. ಮೆಥನಾಲ್‌ನಲ್ಲಿ ಸಾರ ತೆಗೆದು ಆಂಟಿಆಕ್ಸಿಡೆಂಟ್ ಪರೀಕ್ಷೆ ಮಾಡಿದರೆ ಸಾಕು ಎಂದು ಸಹಪಾಠಿಗಳು ಹೇಳುತ್ತಾರಂತೆ. ಅಷ್ಟು ಸಾಕೇ? ಇಲಿಗಳ ಮೇಲೂ ಪ್ರಯೋಗ ಮಾಡಬೇಕೇ? ಇನ್ನೊಂದು, ಗಿಡವನ್ನು ಸೂರ್ಯ ಹುಟ್ಟುವ ಮೊದಲೇ, ಯಾರೊಂದಿಗೂ ಮಾತನಾಡದೆ ಕೀಳಬೇಕು ಎನ್ನುತ್ತಾರೆ ಅತ್ತೆ. ಅದನ್ನೂ ಪಾಲಿಸಬೇಕೇ?

ಉತ್ತರ: ಮಗಳಿಗೆ ಮೊದಲು ಹೇಳಬೇಕಾದದ್ದು, ಪ್ರಾಜೆಕ್ಟಿನ ಶೀರ್ಷಿಕೆಯಿಂದ ‘ಸಾಬೀತು’ ಎಂಬ ಪದವನ್ನು ಅಳಿಸಿಬಿಡಲಿ. ಪರೀಕ್ಷೆ ಎಂದಮೇಲೆ ಫೇಲಾಗುವುದಕ್ಕೂ ದಾರಿ ಇರಬೇಕು. ಫೇಲಾಗಲು ದಾರಿಯೇ ಇಲ್ಲದ ಪರೀಕ್ಷೆಗೆ ಒಳ್ಳೆಯ ಉದಾಹರಣೆ ಸಹಪಾಠಿಗಳು ಸೂಚಿಸಿರುವ ಆ ಆಂಟಿಆಕ್ಸಿಡೆಂಟ್ ಪರೀಕ್ಷೆ. ಡಿಪಿಪಿಎಚ್ ಎಂಬ ನೇರಳೆ ದ್ರಾವಣಕ್ಕೆ ಸಾರವನ್ನು ಬೆರೆಸುತ್ತಾರೆ; ಬಣ್ಣ ಮಾಸಿ ಹಳದಿಗೆ ತಿರುಗಿದರೆ ಸಾರಕ್ಕೆ ಆಂಟಿಆಕ್ಸಿಡೆಂಟ್ ಗುಣವಿದೆ ಎಂದು ಬರೆಯುತ್ತಾರೆ. ಚಹಾ ಸೊಪ್ಪು, ಸೀಬೆ ಎಲೆ, ದಾಳಿಂಬೆ ಸಿಪ್ಪೆ, ಯಾವುದನ್ನು ಹಾಕಿದರೂ ಬಣ್ಣ ಮಾಸುತ್ತದೆ. ನಿಮ್ಮ ಮನೆಯಲ್ಲಿ ಅಡಿಕೆ ಬೇಯಿಸಿ ಉಳಿಯುವ ಚೊಗರನ್ನು ಹಾಕಿ ನೋಡಿ, ಅದು ಪ್ರಥಮ ದರ್ಜೆಯಲ್ಲಿ ಪಾಸಾಗುತ್ತದೆ. ಹಾಗೆಂದು ಕಾಮಾಲೆಗೆ ಯಾರೂ ಚೊಗರು ಕುಡಿಸುವುದಿಲ್ಲ. ಒಗರು ಇರುವ ಸೊಪ್ಪಿನಲ್ಲಿ ಟ್ಯಾನಿನ್ ಇದೆ, ಟ್ಯಾನಿನ್ ಇದ್ದಲ್ಲಿ ಬಣ್ಣ ಮಾಸುತ್ತದೆ. ಆ ಪರೀಕ್ಷೆ ಇದಕ್ಕಿಂತ ಹೆಚ್ಚಿನದೇನನ್ನೂ ಹೇಳುವುದಿಲ್ಲ. ನಮ್ಮ ವಿಶ್ವವಿದ್ಯಾಲಯಗಳ ಕಪಾಟುಗಳಲ್ಲಿ ಇಂಥ ಪ್ರಬಂಧಗಳು ಎಷ್ಟಿವೆ ಎಂದು ನಾನು ಎಣಿಸಲು ಹೋಗುವುದಿಲ್ಲ. ಅವುಗಳಲ್ಲಿ ಕೆಲವಕ್ಕೆ ನಾನೇ ಸಹಿ ಹಾಕಿದ್ದೇನೆ.

ನೆಲನೆಲ್ಲಿಯ ವಿಷಯದಲ್ಲಿ ನಿಮ್ಮ ಮಗಳು ಬರಿಗೈಯಲ್ಲಿ ಆರಂಭಿಸಬೇಕಾಗಿಲ್ಲ. ಭಾರತದ ಮನೆಮದ್ದುಗಳಲ್ಲಿ ಇಷ್ಟು ಕಟ್ಟುನಿಟ್ಟಾಗಿ, ಇಷ್ಟೊಂದು ದೇಶಗಳಲ್ಲಿ ಪರೀಕ್ಷೆಗೆ ಒಳಗಾದ ಗಿಡಗಳು ಕಡಿಮೆ. ಆ ಕಥೆ ಗೊತ್ತಿರುವುದು ಒಳ್ಳೆಯದು.

ಯಕೃತ್ತಿಗೆ ತಗಲುವ ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚದ ಪ್ರೋಟೀನನ್ನು ಕಂಡುಹಿಡಿದದ್ದಕ್ಕಾಗಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಂಬರ್ಗ್, ಮದ್ರಾಸಿನ ಎಸ್.ಪಿ. ತ್ಯಾಗರಾಜನ್ ಮುಂತಾದವರ ಜೊತೆ ಸೇರಿ ಈ ಗಿಡದ ಹಿಂದೆ ಬಿದ್ದರು. 1987ರಲ್ಲಿ ಪ್ರಕಟವಾದ ಕೆಲಸದಲ್ಲಿ ಗಿಡದ ಸಾರವು ವೈರಸ್ಸಿನ ಡಿಎನ್‌ಎ ಪಾಲಿಮರೇಸ್ ಎಂಬ ಕಿಣ್ವವನ್ನು ತಡೆಯಿತು. ಉತ್ತರ ಅಮೆರಿಕದ ವುಡ್‌ಚಕ್ ಎಂಬ, ಬಿಲ ತೋಡುವ ಪ್ರಾಣಿಗೆ ತಗಲುವ ಇದೇ ಬಳಗದ ವೈರಸ್ಸಿನ ಮೇಲೂ ಕೆಲಸ ಮಾಡಿದಂತೆ ಕಂಡಿತು. 1988ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಮನುಷ್ಯರ ಮೇಲಿನ ಫಲಿತಾಂಶ ಬಂತು. ಹೆಪಟೈಟಿಸ್ ಬಿ ವಾಹಕರಿಗೆ, ಎಂದರೆ ವೈರಸ್ಸನ್ನು ಮೈಯಲ್ಲಿ ಹೊತ್ತಿರುವವರಿಗೆ, 200 ಮಿಲಿಗ್ರಾಂ ಪುಡಿಯನ್ನು ದಿನಕ್ಕೆ ಮೂರು ಬಾರಿಯಂತೆ 30 ದಿನ ಕೊಟ್ಟಿದ್ದರು. ಪುಡಿ ತೆಗೆದುಕೊಂಡ 37 ಜನರಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಆ ಪ್ರೋಟೀನ್ ಮಾಯವಾಗಿತ್ತು. ಸುಮ್ಮನೆ ಪೊಳ್ಳು ಗುಳಿಗೆ ತೆಗೆದುಕೊಂಡ 23 ಜನರಲ್ಲಿ ಮಾಯವಾದದ್ದು ಒಬ್ಬರಲ್ಲಿ. ಶೇಕಡಾ 59 ಒಂದು ಕಡೆ, ಶೇಕಡಾ 4 ಇನ್ನೊಂದು ಕಡೆ! ಪೇಟೆಯ ಅಂಗಡಿಗಳಲ್ಲಿ ಇಂದು ಸಿಗುವ ನೆಲನೆಲ್ಲಿ ಗುಳಿಗೆಗಳ ಹಿಂದೆ ಈ ಎರಡು ಅಂಕಿಗಳ ಪ್ರಭಾವ ದೊಡ್ಡದು.

ಆಮೇಲೆ ಬೇರೆಯವರು ಮಾಡಿ ನೋಡಿದರು. 1990ರಲ್ಲಿ ಥಾಯ್ಲೆಂಡಿನಿಂದ ಅದೇ ಲ್ಯಾನ್ಸೆಟ್‌ಗೆ ಬಂದ ವರದಿಯಲ್ಲಿ ಗಿಡ ಸೋತಿತ್ತು. 1994ರಲ್ಲಿ ನ್ಯೂಜಿಲೆಂಡಿನಲ್ಲಿ ಸೋತಿತು. ಅದೇ ವರ್ಷ ಪ್ರಕಟವಾದ ಮುಂಬೈಯ ಪ್ರಯೋಗದಲ್ಲೂ ಸೋತಿತು. ಅದನ್ನು ಮಾಡಿದವರು ಆಯುರ್ವೇದದ ಬಗ್ಗೆ ಆದರವಿದ್ದ ವೈದ್ಯರೇ. ಕೇರಳದ ವೈದ್ಯರು 1999ರಲ್ಲಿ ಪ್ರಶ್ನೆಯನ್ನು ನಿಮ್ಮ ಅತ್ತೆಯವರ ಹತ್ತಿರಕ್ಕೆ ತಂದರು. ವಾಹಕರನ್ನು ಬಿಟ್ಟು, ಆಗತಾನೇ ಕಾಮಾಲೆ ಬಂದವರಿಗೆ ಪುಡಿ ಕೊಟ್ಟು ಹಳದಿ ಇಳಿಯುವ ದಿನಗಳನ್ನು ಲೆಕ್ಕ ಹಾಕಿದರು. ದಿನಗಳಲ್ಲಿ ಗಮನಿಸಬೇಕಾದಷ್ಟು ವ್ಯತ್ಯಾಸ ಬರಲಿಲ್ಲ. ದೀರ್ಘಕಾಲದ ಹೆಪಟೈಟಿಸ್ ಬಿ ಕುರಿತ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗಿದ 2011ರ ಕಾಕ್ರೇನ್ ವಿಮರ್ಶೆ (ವೈದ್ಯಕೀಯ ಪುರಾವೆಗಳನ್ನು ಒರೆಗೆ ಹಚ್ಚುವ ಅಂತರರಾಷ್ಟ್ರೀಯ ಸಂಸ್ಥೆಯದು), ಪೊಳ್ಳು ಗುಳಿಗೆಗಿಂತ ಈ ಗಿಡ ಮೇಲು ಎನ್ನಲು ಮನವರಿಕೆಯಾಗುವ ಪುರಾವೆ ಇಲ್ಲ ಎಂದು ಹೇಳಿತು.

ಹಾಗಾದರೆ ಮದ್ರಾಸಿನವರು ಸುಳ್ಳು ಹೇಳಿದರೇ? ನಾನು ಹಾಗೆ ಭಾವಿಸುವುದಿಲ್ಲ. ಸಣ್ಣ ಗುಂಪಿನ ಮೇಲೆ ಮಾಡಿದ ಮೊದಲ ಪ್ರಯೋಗ ದೊಡ್ಡ ಅಂತರ ತೋರಿಸಿ, ಮುಂದಿನವು ಅದನ್ನು ಕರಗಿಸುವುದು ಔಷಧಶಾಸ್ತ್ರದಲ್ಲಿ ಮಾಮೂಲು. ಆದರೆ ಅದರ ಜೊತೆ ಇನ್ನೊಂದು ಅನುಮಾನ ಇದ್ದೇ ಇದೆ. ಎಲ್ಲರೂ ಒಂದೇ ಗಿಡವನ್ನು, ಒಂದೇ ರೂಪದಲ್ಲಿ, ಒಂದೇ ಬಗೆಯ ರೋಗಿಗೆ ಕೊಟ್ಟರೇ? ಮಗಳ ಪ್ರಾಜೆಕ್ಟ್ ಮಾಡಬಹುದಾದ ಕೆಲಸ ಇರುವುದು ಇಲ್ಲಿ. ಅಜ್ಜಿ ಕೊಡುವುದು ಒಂದು ವಸ್ತು. ಅದು ಪ್ರಯೋಗಾಲಯ ತಲುಪುವ ದಾರಿಯಲ್ಲಿ ಹೆಜ್ಜೆಹೆಜ್ಜೆಗೂ ಬೇರೆ ವಸ್ತುವಾಗುತ್ತಾ ಹೋಗುತ್ತದೆ. ಕೊನೆಗೆ ಪಾಸಾದದ್ದೋ ಫೇಲಾದದ್ದೋ ಅಜ್ಜಿಯ ಮದ್ದೇ ಅಲ್ಲ.

ಮೊದಲ ಜಾರುವಿಕೆ ಗಿಡದಲ್ಲೇ. ನೆಲನೆಲ್ಲಿ ಎಂದು ನಾವು ಒಂದೇ ಹೆಸರಿನಿಂದ ಕರೆಯುವ ಗಿಡಗಳು ಹಲವು. ಹಳೆಯ ಪುಸ್ತಕಗಳಲ್ಲಿ ಇದನ್ನು ಫಿಲಾಂಥಸ್ ನಿರೂರಿ ಎಂದು ಬರೆದಿರುತ್ತಾರೆ. ನಿಜವಾದ ನಿರೂರಿ ಅಮೆರಿಕ ಖಂಡದ ಗಿಡ. ನಮ್ಮ ತೋಟದ ಅಂಚಿನಲ್ಲಿ ಸಾಮಾನ್ಯವಾಗಿ ಕಾಣುವುದು ಫಿಲಾಂಥಸ್ ಅಮಾರಸ್. ಭಾರತೀಯ ಆಯುರ್ವೇದ ಔಷಧಕೋಶ ‘ತಾಮಲಕಿ’ ಎಂದು ದಾಖಲಿಸಿರುವುದು ಮೂರನೆಯದನ್ನು, ಫಿಲಾಂಥಸ್ ಫ್ರಾಟರ್ನಸ್ ಅನ್ನು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಸಂಶೋಧಕರೂ ಅವರ ಸಹೋದ್ಯೋಗಿಗಳೂ ದಕ್ಷಿಣ ಭಾರತದ 25 ಅಂಗಡಿಗಳಿಂದ ನೆಲನೆಲ್ಲಿ ತಂದು ಬಿಡಿಸಿ ನೋಡಿ, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೇಕಡಾ 76ರಷ್ಟು ಅಂಗಡಿಗಳಲ್ಲಿ ಇದ್ದದ್ದು ಹೆಚ್ಚುಕಡಿಮೆ ಶುದ್ಧ ಅಮಾರಸ್. ಉಳಿದವುಗಳಲ್ಲಿ ಇದೇ ಕುಲದ ಬೇರೆ ಐದು ಜಾತಿಗಳು ಸೇರಿಕೊಂಡಿದ್ದವು. ನಿಜ ಹೇಳಬೇಕೆಂದರೆ ನಾನು ಅದಕ್ಕಿಂತ ಕೆಟ್ಟದ್ದನ್ನು ನಿರೀಕ್ಷಿಸಿದ್ದೆ.

ನಿರೀಕ್ಷೆಗೆ ಕಾರಣವಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಗ್ರಂಧಿಗೆ ಅಂಗಡಿಯಿಂದ ಒಂದು ಚೀಲ ಒಣ ನೆಲನೆಲ್ಲಿ ತಂದು ಸಾರ ತೆಗೆದೆ. ಫಲಿತಾಂಶ ಚೆನ್ನಾಗಿತ್ತು. ಎರಡನೆಯ ಚೀಲ ತಂದೆ, ಫಲಿತಾಂಶ ತಲೆಕೆಳಗಾಯಿತು. ತಿಂಗಳುಗಟ್ಟಲೆ ಉಪಕರಣವನ್ನೂ ಸಹಾಯಕನನ್ನೂ ದೂರಿದ ಮೇಲೆ, ಚೀಲದ ತಳದಲ್ಲಿ ಉಳಿದಿದ್ದ ಕಡ್ಡಿಗಳನ್ನು ಸಸ್ಯಶಾಸ್ತ್ರದ ಸ್ನೇಹಿತರೊಬ್ಬರಿಗೆ ತೋರಿಸಿದೆ. ಅವರು ಮಸೂರದಲ್ಲಿ ಒಂದು ಕಾಯಿಯನ್ನು ನೋಡಿ, ಮೈ ತರಿತರಿಯಾಗಿದೆ, ಇದು ಅದೇ ಕುಲದ ಇನ್ನೊಂದು ಜಾತಿ, ಫಿಲಾಂಥಸ್ ಯುರಿನೇರಿಯಾ ಎಂದರು. ಮೊದಲ ಚೀಲದಲ್ಲಿ ಏನಿತ್ತು ಎಂದು ಕೇಳಿದರು. ಅದರಲ್ಲಿ ಒಂದು ಕಡ್ಡಿಯನ್ನೂ ನಾನು ತೆಗೆದಿಟ್ಟಿರಲಿಲ್ಲ. ಎರಡು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು.

ಆದ್ದರಿಂದ ಮಗಳ ಮೊದಲ ಕೆಲಸ ಮೆಥನಾಲ್ ಸೀಸೆ ತೆರೆಯುವುದಲ್ಲ. ಅಜ್ಜಿ ಕಿತ್ತ ಜಾಗದಿಂದಲೇ, ಹೂವೂ ಕಾಯಿಯೂ ಇರುವ ಐದಾರು ಗಿಡಗಳನ್ನು ಬೇರುಸಹಿತ ತಂದು, ಹಳೆಯ ಪತ್ರಿಕೆಗಳ ನಡುವೆ ಒತ್ತಿ ಒಣಗಿಸಿ, ದಿನಾಂಕ ಮತ್ತು ಸ್ಥಳ ಬರೆದು ಸಸ್ಯಶಾಸ್ತ್ರ ವಿಭಾಗಕ್ಕೆ ಕೊಡಲಿ. ಅವರು ಗುರುತಿಸಿ, ಸಂಖ್ಯೆ ಹಾಕಿ ಹರ್ಬೇರಿಯಂನಲ್ಲಿ, ಎಂದರೆ ಒಣಗಿಸಿದ ಗಿಡಗಳ ಸಂಗ್ರಹದಲ್ಲಿ, ಇಡುತ್ತಾರೆ. ಔಷಧೀಯ ಸಸ್ಯಗಳದೇ ದೊಡ್ಡ ಹರ್ಬೇರಿಯಂ ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಎಂಬ, ಸ್ಥಳೀಯ ವೈದ್ಯ ಪರಂಪರೆಗಳ ಸಂಸ್ಥೆಯಲ್ಲೂ ಇದೆ. ಮಸೂರ ಸಿಕ್ಕಿದರೆ ಅವಳೇ ನೋಡಬಹುದು: ಅಮಾರಸ್ ಹೂವಿನಲ್ಲಿ ಎಸಳಿನಂಥ ಪುಷ್ಪಪತ್ರಗಳು ಐದು, ಫ್ರಾಟರ್ನಸ್‌ನಲ್ಲಿ ಆರು.

ಗಿಡ ಬೆಳೆದ ನೆಲವೂ ಮುಖ್ಯ, ಅದರಲ್ಲೂ ನಿಮ್ಮ ಸೀಮೆಯಲ್ಲಿ. ನೆಲನೆಲ್ಲಿ ಸೊಕ್ಕಿ ಬೆಳೆಯುವುದು ಮಳೆಗಾಲದಲ್ಲಿ, ಅಡಿಕೆ ಮರಗಳ ಬುಡದಲ್ಲಿ. ಕೊಳೆರೋಗಕ್ಕೆ ನೀವು ಬೋರ್ಡೋ ದ್ರಾವಣ ಸಿಂಪಡಿಸುವುದೂ ಅದೇ ಮಳೆಗಾಲದಲ್ಲಿ, ಅದೇ ಮರಗಳ ಮೇಲೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಎಂದರೆ ತಾಮ್ರದ ಲವಣ. ಗೊನೆಗೆ ಹತ್ತದೆ ಉಳಿದದ್ದೆಲ್ಲ ಇಳಿಯುವುದು ಕೆಳಗಿನ ಗಿಡದ ಮೇಲೆ. ಯಕೃತ್ತು ಸೋತು ಮಲಗಿದವರಿಗೆ ತಾಮ್ರ ಅಂಟಿದ ಸೊಪ್ಪನ್ನು ಹಸಿಯಾಗಿ ಅರೆದು ಕುಡಿಸುವುದು ಯಾರಿಗೂ ಬೇಡ. ಅತ್ತೆಯವರು ಎಲ್ಲಿಂದ ಕೀಳುತ್ತಾರೆ ಎಂದು ಇಂದೇ ಕೇಳಿ. ತೋಟದೊಳಗಿನದಾದರೆ, ಪ್ರಾಜೆಕ್ಟ್ ಹಾಗಿರಲಿ, ಮದ್ದಿಗೂ ಅದು ಬೇಡ; ಕಳೆನಾಶಕ ಹೊಡೆದ ಬೇಲಿಸಾಲೂ ಬೇಡ. ಮಗಳು ಭಾರಲೋಹಗಳ ಪರೀಕ್ಷೆ ಮಾಡಿಸುವುದಾದರೆ ಔಷಧಕೋಶದ ಮಿತಿಗಳು ಹೀಗಿವೆ: ಸೀಸ 10 ಪಿಪಿಎಂ (ಹತ್ತು ಲಕ್ಷದಲ್ಲಿ ಹತ್ತು ಭಾಗ), ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3. ನಿಮ್ಮ ಗಿಡಕ್ಕೆ ಇವುಗಳ ಜೊತೆ ತಾಮ್ರವನ್ನೂ ಸೇರಿಸಿಕೊಳ್ಳಲಿ.

ಎರಡನೆಯ ಜಾರುವಿಕೆ ಸಾರ ತೆಗೆಯುವಲ್ಲಿ. ಅಜ್ಜಿ ಬಳಸುವುದು ಹಸಿಗಿಡ, ಹಾಲು ಮತ್ತು ಅರೆಯುವ ಕಲ್ಲು. ಪ್ರಯೋಗಾಲಯ ಬಳಸುವುದು ಒಣಪುಡಿ, ಮೆಥನಾಲ್ ಮತ್ತು ಗಂಟೆಗಟ್ಟಲೆ ಕುದಿಯುವ ಸಾಕ್ಸ್‌ಲೆಟ್ ಎಂಬ ಸಾರ ತೆಗೆಯುವ ಗಾಜಿನ ಉಪಕರಣ. ಎರಡರಲ್ಲೂ ಹೊರಬರುವುದು ಒಂದೇ ಎನ್ನುವಂತಿಲ್ಲ. ಚೀನಾದ ತು ಯೂಯೂ ಅವರ ಅನುಭವ ಇಲ್ಲಿ ನೆನಪಾಗುತ್ತದೆ. ಮಲೇರಿಯಾಕ್ಕೆ ಅಲ್ಲಿನ ಹಳೆಯ ವೈದ್ಯ ಹೇಳುತ್ತಿದ್ದ ಛಿಂಗ್‌ಹಾವ್ ಗಿಡದ ಸಾರ ಒಮ್ಮೆ ಕೆಲಸ ಮಾಡಿದರೆ ಇನ್ನೊಮ್ಮೆ ಮಾಡುತ್ತಿರಲಿಲ್ಲ. ನಾಲ್ಕನೆಯ ಶತಮಾನದ ಗ ಹಾಂಗ್ ಎಂಬಾತನ ಗ್ರಂಥವನ್ನು ಅವರು ಮತ್ತೆ ಓದಿದರು. ಒಂದು ಹಿಡಿ ಸೊಪ್ಪನ್ನು ನೀರಿನಲ್ಲಿ ನೆನೆಸಿ, ಹಿಂಡಿ, ರಸ ಕುಡಿ ಎಂದಿತ್ತು ಅಲ್ಲಿ. ಕುದಿಸು ಎಂದು ಇರಲಿಲ್ಲ. ಬಿಸಿಯಿಂದಲೇ ಗುಣ ಕೆಡುತ್ತಿರಬಹುದೆಂದು ಊಹಿಸಿ, ಕಡಿಮೆ ಉಷ್ಣತೆಯಲ್ಲಿ ಕುದಿಯುವ ಈಥರ್‌ನಲ್ಲಿ ಸಾರ ತೆಗೆದರು. 1971ರಲ್ಲಿ ಆ ಸಾರ ಪ್ರಾಣಿಗಳಲ್ಲಿ ಮಲೇರಿಯಾವನ್ನು ಪೂರ್ತಿಯಾಗಿ ಅಡಗಿಸಿತು. ಆರ್ಟೆಮಿಸಿನಿನ್ ಎಂಬ ಮಲೇರಿಯಾ ಔಷಧ ಸಿಕ್ಕಿದ್ದು ಹಾಗೆ. 2015ರಲ್ಲಿ ನೊಬೆಲ್ ಬಂದದ್ದೂ ಅದಕ್ಕೇ. ಮದ್ದು ಮಾಡುವವರ ಕೈಯನ್ನು ಗಮನಿಸದೆ ಗಿಡವನ್ನು ಮಾತ್ರ ಎತ್ತಿಕೊಂಡು ಹೋದವರಿಗೆ ಇದು ಸಿಗುತ್ತಿರಲಿಲ್ಲ.

ಇಲ್ಲಿಯೇ ನಿಮ್ಮ ಮಗಳಿಗೆ ಒಂದು ಒಳ್ಳೆಯ ಪ್ರಶ್ನೆ ಇದೆ. ನೆಲನೆಲ್ಲಿಯಲ್ಲಿ ಯಕೃತ್ತಿಗೆ ಸಂಬಂಧಿಸಿ ಹೆಚ್ಚು ಚರ್ಚೆಯಾಗಿರುವ ವಸ್ತು ಫಿಲಾಂಥಿನ್; ಲಿಗ್ನಾನ್ ಎಂಬ ಸಸ್ಯರಾಸಾಯನಿಕಗಳ ಗುಂಪಿಗೆ ಸೇರಿದ್ದು. ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಹಾಗಾದರೆ ಅಜ್ಜಿಯ ಹಾಲು ರುಚಿಗೆ ಹಾಕಿದ್ದೋ, ಫಿಲಾಂಥಿನ್ ಅನ್ನು ಎಳೆದು ತರುವ ದ್ರಾವಕವೋ? ಒಂದೇ ಗಿಡದ ರಾಶಿಯನ್ನು ನೀರಿನಲ್ಲಿ, ಕೆನೆ ಇರುವ ಹಾಲಿನಲ್ಲಿ, ಕೆನೆ ತೆಗೆದ ಹಾಲಿನಲ್ಲಿ, ಮಜ್ಜಿಗೆಯಲ್ಲಿ ಮತ್ತು ಹೋಲಿಕೆಗೆ ಮೆಥನಾಲ್‌ನಲ್ಲಿ ಅರೆದು, ಪ್ರತಿಯೊಂದರಲ್ಲೂ ಎಷ್ಟು ಫಿಲಾಂಥಿನ್ ಬಂತು ಎಂದು ಎಚ್‌ಪಿಎಲ್‌ಸಿಯಲ್ಲಿ, ಎಂದರೆ ದ್ರಾವಣದ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರದಲ್ಲಿ, ಅಳೆಯಲಿ. 230 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ನೋಡಿದರೆ ಕಾಣಿಸುತ್ತದೆ. ಶುದ್ಧ ಫಿಲಾಂಥಿನ್ ಮಾರಾಟಕ್ಕೆ ಸಿಗುತ್ತದೆ. ಹಾಲಿನ ಪ್ರೋಟೀನನ್ನು ಮೊದಲು ಬೇರ್ಪಡಿಸಲೇಬೇಕು, ಇಲ್ಲದಿದ್ದರೆ ಯಂತ್ರದ ಕಾಲಮ್ ಎಂಬ ಕೊಳವೆ ಕಟ್ಟಿಕೊಂಡು ಮಾರ್ಗದರ್ಶಕರ ಮುಖ ನೋಡಲಾಗದ ಸ್ಥಿತಿ ಬರುತ್ತದೆ. ಪ್ರೋಟೀನಿನ ಜೊತೆ ಫಿಲಾಂಥಿನ್ನೂ ಹೊರಟುಹೋಯಿತೇ ಎಂದು ತಿಳಿಯಲು, ಬರಿ ಹಾಲಿಗೆ ಗೊತ್ತಿರುವಷ್ಟು ಫಿಲಾಂಥಿನ್ ಬೆರೆಸಿ, ಎಷ್ಟು ಮರಳಿ ಸಿಗುತ್ತದೆ ಎಂದೂ ನೋಡಲಿ. ಆರು ತಿಂಗಳಲ್ಲಿ ಮುಗಿಯುವ ಕೆಲಸ ಇದು. ಹೌದು ಅಥವಾ ಇಲ್ಲ ಎಂಬ ಉತ್ತರ ಬರುತ್ತದೆ. ಎರಡೂ ಬರೆದುಕೊಳ್ಳಲು ಯೋಗ್ಯ.

ಇಲಿಗಳ ಪ್ರಯೋಗ ಬೇಡ ಎಂದೇ ನನ್ನ ಸಲಹೆ. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಅನುಮತಿ ಬೇಕು ಎನ್ನುವುದೊಂದೇ ಕಾರಣವಲ್ಲ. ಇಂಥ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಇಲಿಗೆ ಕೆಲವು ದಿನ ಸಾರ ಕುಡಿಸಿ, ನಂತರ ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ವಿಷ ಕೊಟ್ಟು, ಯಕೃತ್ತಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಎಸ್‌ಜಿಪಿಟಿ ಎಂಬ ಕಿಣ್ವ ಏರಿತೇ ಎಂದು ನೋಡುತ್ತಾರೆ. ನಿಮ್ಮ ಮನೆಗೆ ಬರುವವರಿಗೆ ವಿಷ ಬಿದ್ದಿಲ್ಲ, ವೈರಸ್ ತಗಲಿದೆ; ಅವರು ಬರುವುದು ಕಣ್ಣು ಹಳದಿಯಾದ ಮೇಲೆ, ಮೊದಲಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಆ ವಿಷ ತಾನಾಗಿ ಅಷ್ಟು ಕೆಡುಕಲ್ಲ. ಯಕೃತ್ತಿನ ಕಿಣ್ವಗಳೇ ಅದನ್ನು ಒಡೆದು ಉಗ್ರವಾಗಿಸುತ್ತವೆ. ಗಿಡದ ಸಾರ ಆ ಕಿಣ್ವವನ್ನು ತಡೆದರೆ ವಿಷ ವಿಷವೇ ಆಗುವುದಿಲ್ಲ, ಇಲಿಯ ಯಕೃತ್ತು ಚೆನ್ನಾಗಿರುತ್ತದೆ, ಪ್ರಬಂಧದಲ್ಲಿ ‘ಯಕೃತ್ ರಕ್ಷಕ’ ಎಂದು ಬರೆಯಲಾಗುತ್ತದೆ. ನಿಜವಾಗಿ ಆದದ್ದು ಗುಣಪಡಿಸುವುದಲ್ಲ, ಕಿಣ್ವಕ್ಕೆ ಅಡ್ಡಗಾಲು. ರೋಗಿ ಬೇರೆ ಮಾತ್ರೆಗಳನ್ನು ನುಂಗುತ್ತಿದ್ದರೆ ಈ ಅಡ್ಡಗಾಲೇ ತೊಂದರೆ ತರಬಹುದು. ಟ್ಯಾನಿನ್ ತುಂಬಿದ ಸಾರ ಕೊಳವೆಯಲ್ಲಿ ಎಂಥ ಕಿಣ್ವವನ್ನಾದರೂ ಕಟ್ಟಿಹಾಕಬಲ್ಲದು ಎನ್ನುವುದನ್ನೂ ನೆನಪಿಡಿ. ಮತ್ತೆ ನಿಮ್ಮ ಚೊಗರಿನ ಕಥೆಯೇ.

ಪ್ರಮಾಣದ ಲೆಕ್ಕ ನೋಡಿದರಂತೂ ನಗು ಬರುತ್ತದೆ. ಇಲಿಗೆ ದೇಹತೂಕದ ಕಿಲೋಗೆ 400 ಮಿಲಿಗ್ರಾಂ ಸಾರ ಕೊಟ್ಟರೆ ಗುಣ ಕಂಡಿತು ಎಂದುಕೊಳ್ಳೋಣ. ಇಲಿಯಿಂದ ಮನುಷ್ಯನಿಗೆ ಬರುವಾಗ ಇದನ್ನು ಸುಮಾರು 6.2ರಿಂದ ಭಾಗಿಸುವುದು ರೂಢಿ: ಕಿಲೋಗೆ 65 ಮಿಲಿಗ್ರಾಂ, ಅರುವತ್ತು ಕಿಲೋ ತೂಕದವರಿಗೆ ಸುಮಾರು 3.9 ಗ್ರಾಂ ಸಾರ. ನೂರು ಗ್ರಾಂ ಒಣಪುಡಿಗೆ ಹತ್ತು ಗ್ರಾಂ ಸಾರ ಸಿಗುತ್ತದೆ ಎಂದು ಹಿಡಿದರೆ ದಿನಕ್ಕೆ 39 ಗ್ರಾಂ ಒಣಪುಡಿ. ಹಸಿಗಿಡದ ಲೆಕ್ಕದಲ್ಲಿ ಅದು ಒಂದು ಬುಟ್ಟಿ. ನಿಮ್ಮ ಅತ್ತೆಯವರು ಅರೆಯುವುದು ಎಷ್ಟು? ಅಡುಗೆಮನೆಯ ತಕ್ಕಡಿಯಲ್ಲಿ ಹತ್ತು ದಿನ ತೂಗಿ ಬರೆದಿಡಿ. ಆ ಅಂಕಿಯೇ ಇಲ್ಲದೆ ಯಾವ ಪರೀಕ್ಷೆಯೂ ಅವರ ಮದ್ದಿನದಾಗುವುದಿಲ್ಲ.

ಈಗ ಕಷ್ಟದ ಮಾತು. ನೂರಾರು ಜನರಿಗೆ ಗುಣವಾಗಿದೆ ಎಂದಿದ್ದೀರಿ. ನಾನು ಅದನ್ನು ಅನುಮಾನಿಸುವುದಿಲ್ಲ. ಆದರೆ ನಮ್ಮಲ್ಲಿ ಹಠಾತ್ತಾಗಿ ಬರುವ ಕಾಮಾಲೆಯಲ್ಲಿ ಬಹಳಷ್ಟು ಹೆಪಟೈಟಿಸ್ ಎ ಮತ್ತು ಇ. ಕೆಟ್ಟ ನೀರಿನಿಂದ ಬರುತ್ತದೆ, ಕೆಲವು ವಾರಗಳಲ್ಲಿ ತಾನಾಗಿಯೇ ಹೋಗುತ್ತದೆ. ಕಣ್ಣು ಹಳದಿಯಾಗುವ ಹೊತ್ತಿಗೆ ವೈರಸ್ಸಿನ ಅಬ್ಬರ ಇಳಿಮುಖವಾಗಿರುತ್ತದೆ. ಆ ಹೊತ್ತಿನಲ್ಲಿ ಮೂರು ದಿನ ನೆಲನೆಲ್ಲಿ ಕೊಟ್ಟರೂ, ಬರಿ ಹಾಲು ಕೊಟ್ಟರೂ, ಸುಮ್ಮನೆ ಪಥ್ಯದ ಗಂಜಿ ಕೊಟ್ಟು ಮಲಗಿಸಿದರೂ ಹೆಚ್ಚಿನವರು ಎದ್ದು ಬರುತ್ತಾರೆ. ಮದ್ದು ಅದನ್ನು ಒಂದು ವಾರ ಬೇಗ ಮಾಡಿತೇ ಎಂಬುದಷ್ಟೇ ಪ್ರಶ್ನೆ. ಅದಕ್ಕೆ ಉತ್ತರ ಮದ್ದು ತೆಗೆದುಕೊಳ್ಳದವರ ಜೊತೆ ಹೋಲಿಸದೆ ಸಿಗುವುದಿಲ್ಲ. ಗುಣವಾಗದವರು ತಿರುಗಿ ಬಂದು ಹೇಳುವುದೂ ಇಲ್ಲ. ಅವರು ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗಿರುತ್ತಾರೆ.

ಹಾಗಾಗಿ ಒಂದು ನೋಟ್‌ಪುಸ್ತಕ ಇಡಿ. ಬಂದವರ ಒಪ್ಪಿಗೆ ಪಡೆದು, ಹೆಸರಿನ ಬದಲು ಸಂಖ್ಯೆ ಹಾಕಿ, ಬಂದ ದಿನದ ಬಿಲಿರುಬಿನ್ (ಕಣ್ಣಿಗೆ ಹಳದಿ ತರುವ ವಸ್ತು), ಎಸ್‌ಜಿಪಿಟಿ, ಯಾವ ಹೆಪಟೈಟಿಸ್ ಎಂಬ ವರದಿ, ಕೊಟ್ಟ ಪ್ರಮಾಣ, ಎರಡು ಮತ್ತು ನಾಲ್ಕು ವಾರಗಳ ನಂತರದ ವರದಿ ಬರೆಯಿರಿ. ತಿರುಗಿ ಬಾರದವರಿಗೆ ಫೋನ್ ಮಾಡಿ ಕೇಳಿ. ಇದನ್ನು ಪ್ರಾಜೆಕ್ಟಿನಲ್ಲಿ ಬಳಸುವುದಾದರೆ ಆರಂಭಕ್ಕೆ ಮೊದಲೇ ಕಾಲೇಜಿನ ನೈತಿಕ ಸಮಿತಿಯ ಅನುಮತಿ ಬೇಕು. ಜನರನ್ನು ಗುಂಪು ಮಾಡಿ ಮದ್ದು ಕೊಟ್ಟು ನೋಡುವುದು ಕ್ಲಿನಿಕಲ್ ಪ್ರಯೋಗವಾಗುತ್ತದೆ. ಅದು ಆಸ್ಪತ್ರೆಯ ವೈದ್ಯರ ನೇತೃತ್ವದಲ್ಲಿ, ದೇಶದ ಪ್ರಯೋಗ ನೋಂದಣಿಯಲ್ಲಿ ದಾಖಲಾಗಿ ನಡೆಯಬೇಕಾದದ್ದು. ಎಂ.ಎಸ್ಸಿ. ವಿದ್ಯಾರ್ಥಿನಿ ಅದಕ್ಕೆ ಕೈಹಾಕಬಾರದು.

ಅತ್ತೆಯವರಿಗೆ ಒಂದು ವಿನಂತಿ. ಗರ್ಭಿಣಿಯರು ಹಳದಿ ಕಣ್ಣಿನಿಂದ ಬಂದರೆ ಮದ್ದು ಕೊಡದೆ ಅಂದೇ ಆಸ್ಪತ್ರೆಗೆ ಕಳುಹಿಸಲಿ; ಕೊನೆಯ ಮೂರು ತಿಂಗಳಲ್ಲಿರುವವರಿಗೆ ಹೆಪಟೈಟಿಸ್ ಇ ಬಂದರೆ ನಾಲ್ಕೈದು ಮಂದಿಗೆ ಒಬ್ಬರಂತೆ ಸಾಯುವ ಅಪಾಯವಿದೆ. ಮಂಪರು, ತೊದಲು, ವಸಡಿನಲ್ಲಿ ರಕ್ತ, ಹೊಟ್ಟೆ ಉಬ್ಬರ ಇದ್ದವರನ್ನೂ ಹಾಗೆಯೇ. ಮಲ ಸುಣ್ಣದ ಬಣ್ಣಕ್ಕೆ ತಿರುಗಿ ಮೈಯೆಲ್ಲ ತುರಿಸುತ್ತಿದ್ದರೆ ಪಿತ್ತನಾಳ ಕಟ್ಟಿರಬಹುದು, ಅದಕ್ಕೆ ಯಾವ ಸೊಪ್ಪೂ ಇಲ್ಲ. ಗದ್ದೆ ಕೆಲಸ ಮಾಡಿದವರಿಗೆ ಜ್ವರ, ಮೀನಖಂಡದ ನೋವು, ಕೆಂಗಣ್ಣಿನ ಜೊತೆ ಹಳದಿ ಬಂದರೆ ಅದು ಇಲಿಜ್ವರ ಇರಬಹುದು. ಸಮಯಕ್ಕೆ ಆಂಟಿಬಯೋಟಿಕ್ ಸಿಕ್ಕಿದರೆ ಉಳಿಯುತ್ತಾರೆ. ಮೂರು ಬೆಳಗಿನ ಮದ್ದು ಮುಗಿಯಲಿ ಎಂದು ಕಾಯುವುದರಲ್ಲಿ ಕಳೆದುಹೋಗುವ ಸಮಯ ಇದೇ.

ಇನ್ನು ಸೂರ್ಯೋದಯದ ವಿಷಯ. ಅದಕ್ಕೆ ನಗಬೇಡಿ, ಪರೀಕ್ಷಿಸಬಹುದಾದ ಮಾತು ಅದು. ಗಿಡದೊಳಗಿನ ಕೆಲವು ವಸ್ತುಗಳ ಪ್ರಮಾಣ ಹೊತ್ತಿನೊಂದಿಗೆ ಏರಿಳಿಯುತ್ತದೆ. ನೆಲನೆಲ್ಲಿಯ ಎಲೆಗಳಂತೂ ರಾತ್ರಿ ಮಡಚಿಕೊಂಡು ಬೆಳಗಾದ ಮೇಲೆ ಬಿಚ್ಚಿಕೊಳ್ಳುತ್ತವೆ. ಒಂದೇ ಮಡಿಯಿಂದ ಬೆಳಗಿನ ಐದೂವರೆಗೆ ಇಪ್ಪತ್ತು ಗಿಡ, ಮಧ್ಯಾಹ್ನ ಎರಡಕ್ಕೆ ಇಪ್ಪತ್ತು ಗಿಡ ಕಿತ್ತು, ಚೀಲಗಳ ಮೇಲೆ ಹೊತ್ತು ಬರೆಯದೆ ಸಂಖ್ಯೆ ಮಾತ್ರ ಹಾಕಿ ಮಗಳ ಕೈಗೆ ಕೊಡಿ. ಯಾವುದು ಯಾವ ಹೊತ್ತಿನದು ಎಂಬ ಪಟ್ಟಿ ಅಳತೆ ಮುಗಿಯುವವರೆಗೆ ಅತ್ತೆಯವರ ಬಳಿಯೇ ಇರಲಿ. ಹಸಿಯಲ್ಲಿ ತೂಗಿದರೆ ಇಬ್ಬನಿಯ ನೀರೂ ಲೆಕ್ಕಕ್ಕೆ ಸೇರುತ್ತದೆ, ಆದ್ದರಿಂದ ನೆರಳಲ್ಲಿ ಒಣಗಿಸಿದ ಮೇಲೆ ತೂಗಲಿ. ಕೀಳುವಾಗ ಮಾತನಾಡಬೇಕೋ ಬೇಡವೋ ಎಂಬುದನ್ನು ನಾನು ಅತ್ತೆಯವರ ಇಷ್ಟಕ್ಕೇ ಬಿಡುತ್ತೇನೆ.